ಬಿಚ್ಚಿ ನೋಡುವ ಕಟ್ಟು

ನೆನೆಸಿದ ಎಲೆಯ ಮೇಲೆ ತಗಡಿನ ಅಳತೆಯಿಟ್ಟು ಸ್ವರ್ಣಲತಾ ಕತ್ತರಿ ಆಡಿಸುತ್ತಿದ್ದಳು. ಎದುರಿಗೆ ನೆರೆಮನೆಯ ಆಸ್ಯಮ್ಮ ಬಿದಿರಿನ ಮೊರದಂಥ ತಡ್ಪೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು. ಮೆಲ್ಕಾರಿನ ಆ ಜಗಲಿಯಲ್ಲಿ ಇಬ್ಬರೂ ಇಪ್ಪತ್ತು ವರ್ಷ ಹೀಗೆ ಕೂತವರು. ಎರಡು ವರ್ಷದ ಹಿಂದೆ ಒಂದೇ ತಿಂಗಳಲ್ಲಿ ಇಬ್ಬರಿಗೂ ದೊಡ್ಡ ಕರುಳಿನ ಕ್ಯಾನ್ಸರಿನ ಆಪರೇಶನ್ ಆಗಿತ್ತು.

ವರ್ಷ ತುಂಬಿದಾಗ ಮಂಗಳೂರಿನ ಆಸ್ಪತ್ರೆಯಲ್ಲಿ ಇಬ್ಬರಿಗೂ ಕೊಳವೆ ಹಾಕಿ ಕರುಳಿನ ಒಳಗೆ ನೋಡುವ ಕೊಲೊನೋಸ್ಕೋಪಿ ಮಾಡಿದರು. ಆಸ್ಯಮ್ಮನ ಕರುಳು ಚೊಕ್ಕಟವಾಗಿತ್ತು. ಇನ್ನು ಮೂರು ವರ್ಷ ಬಿಟ್ಟು ಬನ್ನಿ ಎಂದರು ಡಾಕ್ಟರು. ಸ್ವರ್ಣಲತಾಳಿಗೆ ಸಣ್ಣ ಗಂಟುಗಳು ಕಂಡವು. ಅವನ್ನು ತೆಗೆದು, ಬರುವ ವರ್ಷವೇ ಬನ್ನಿ ಎಂದರು.

ಅಂದಿನಿಂದ ಅವಳಿಗೆ ಆಸ್ಯಮ್ಮನ ಮುಖ ಕಂಡರೆ ಉರಿ. ಸುತ್ತಿದ ಬೀಡಿ ಒಪ್ಪಿಸುವ ಬ್ರಾಂಚಿನಲ್ಲೂ ಹೀಗೆಯೇ. ಚೆಕ್ಕರ್ ಚಿನ್ನಯ್ಯ ಆಸ್ಯಮ್ಮನ ಒಂದು ಕಟ್ಟು ಮುಟ್ಟಿ, ನಕ್ಕು, ಆಚೆ ಇಡುತ್ತಾನೆ. ಇವಳದಾದರೆ ಪ್ರತಿಯೊಂದನ್ನೂ ಬಿಚ್ಚುತ್ತಾನೆ. ನಂಬಲಾಗದವರ ಮಾಲನ್ನೇ ಅಲ್ಲವೇ ಮತ್ತೆ ಮತ್ತೆ ನೋಡುವುದು? ಯಾವ ದಿನ ಬರುತ್ತೀರೆಂದು ಬರೆದು ಕಳಿಸಿ ಎಂದು ಆಸ್ಪತ್ರೆಯ ಕಾಗದ ಬಂದು ನಾಲ್ಕು ತಿಂಗಳಾಗಿತ್ತು. ಅವಳು ಅದನ್ನು ಎಲೆಬುಟ್ಟಿಯ ಅಡಿಗೆ ಹಾಕಿದ್ದಳು. ಆಸ್ಯಮ್ಮನಿಗೆ ಮೂರಾದರೆ ತನಗೂ ಮೂರು.

ಇವತ್ತು ಬುಟ್ಟಿ ಎಳೆದುಕೊಳ್ಳುವಾಗ ಆಸ್ಯಮ್ಮನ ಕೈಗೆ ಆ ಕಾಗದ ಸಿಕ್ಕಿತು.

"ಇದು ಆಸ್ಪತ್ರೆಯದ್ದಲ್ವಾ ಸ್ವರ್ಣ? ನೀನು ಹೋಗ್ಲೇ ಇಲ್ವಾ?"

"ನಿಮಗೆ ಮೂರು ವರ್ಷ ರಜೆ, ನನಗೆ ಮಾತ್ರ ವರ್ಷ ವರ್ಷ ಚೆಕ್ಕಿಂಗ್. ಎಲ್ಲಿ ಹೋದ್ರೂ ನಿಮ್ಮದೇ ಒಳ್ಳೆ ಮಾಲು."

ಆಸ್ಯಮ್ಮ ನೂಲನ್ನು ಹಲ್ಲಿನಲ್ಲಿ ಕಡಿದಳು.

"ರಜೆಯಾ? ಒಂದು ಚೂರು ಹೊಟ್ಟೆ ನೋವು ಬಂದ್ರೆ ನನಗೆ ಕೈಕಾಲು ತಣ್ಣಗಾಗ್ತದೆ ಮಾರಾಯ್ತಿ. ಒಳಗೆ ಏನುಂಟು ಅಂತ ಮೂರು ವರ್ಷ ಯಾರೂ ನೋಡುವುದಿಲ್ಲ. ನಿನ್ನದನ್ನು ಬೇಗ ನೋಡ್ತಾರಲ್ಲ ಅಂತ ನನಗೆ ಎಷ್ಟು ಹೊಟ್ಟೆಕಿಚ್ಚು ಗೊತ್ತುಂಟಾ?"

ಕತ್ತರಿ ನಿಂತಿತು.

"ನೀವು ಹೇಳ್ಲಿಲ್ಲ."

"ನೀನು ಹೇಳಿದ್ಯಾ?"

ಸ್ವರ್ಣಲತಾ ಬೆರಳನ್ನು ಸೀರೆಗೆ ಒರೆಸಿಕೊಂಡು ಪೆನ್ನು ಹುಡುಕಿದಳು. ಆ ಕಾಗದದಲ್ಲೇ ಬರುವ ಸೋಮವಾರದ ತಾರೀಕು ಬರೆದು, ಜೊತೆಗೆ ಬಂದಿದ್ದ ಲಕೋಟೆಯನ್ನು ಬೀಡಿಗೆ ಲೇಬಲ್ ಹಚ್ಚುವ ಅಂಟಿನಲ್ಲೇ ಮುಚ್ಚಿದಳು.

ಸಂಜೆ ಬ್ರಾಂಚಿನಲ್ಲಿ ಚಿನ್ನಯ್ಯ ಅವಳ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಈ ಸಲ ಅವಳೇ ಮುಂದಿನ ಕಟ್ಟನ್ನು ಅವನ ಕೈಯತ್ತ ಸರಿಸಿದಳು. ವಾಪಸು ಬರುವಾಗ ಅಂಚೆಪೆಟ್ಟಿಗೆಯ ಹತ್ತಿರ ಇಬ್ಬರೂ ನಿಂತರು. ಲಕೋಟೆಯ ಅಂಟು ಇನ್ನೂ ಹಸಿ ಇತ್ತು. ಸ್ವರ್ಣಲತಾ ಅದನ್ನು ಒಳಗೆ ತಳ್ಳಿದಳು.

ಬಿತ್ತೋ ಇಲ್ಲವೋ ಎಂದು ಆಸ್ಯಮ್ಮ ಬಗ್ಗಿ, ಒಂದು ಕಣ್ಣು ಮುಚ್ಚಿ, ಪೆಟ್ಟಿಗೆಯ ಬಾಯಿಯೊಳಗೆ ನೋಡಿದಳು.