ಕೋಳಿ ಬಸ್ಸು ಹತ್ತಿದ ಸಂಜೆ

ಶ್ರಾವಣದಲ್ಲಿ ಈಶ್ವರ ಗುಡಿಯ ಪಡಸಾಲೆಯಲ್ಲಿ ಪುರಾಣ ನಡೆಯುವಾಗ ಒಬ್ಬರು ಓದುತ್ತಾರೆ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಈಸೂರಿನಾಚೆಯ ಆ ಹಳ್ಳಿಯಲ್ಲಿ ಮಕ್ಕಳಿಗೆ ಓದಿನ ರುಚಿ ಹತ್ತಿಸಲು ಹೊರಟ ಗಂಗಾಶ್ರೀ ಈ ಪದ್ಧತಿಯನ್ನೇ ಎತ್ತಿಕೊಂಡಳು. ತೊಂಬತ್ತಮೂರರಲ್ಲಿ ಶಿಕಾರಿಪುರದಲ್ಲಿ ಬಿ.ಎಸ್‌ಸಿ. ಮುಗಿಸಿ ಸಾಕ್ಷರತಾ ಆಂದೋಲನ ಸೇರಿದ್ದ ಅವಳ ನಿಯಮ ಸರಳವಾಗಿತ್ತು: ಶುಕ್ರವಾರ ಸಂಜೆ ಮನೆಮಂದಿಯೆಲ್ಲ ಅದೇ ಪಡಸಾಲೆಗೆ ಬರಬೇಕು, ಮಗು ಒಂದೊಂದೇ ವಾಕ್ಯ ಓದಬೇಕು, ಅಪ್ಪನೋ ಅವ್ವನೋ ಅದಕ್ಕೆ ಅರ್ಥ ಹೇಳಬೇಕು. ಅಕ್ಷರ ಬಾರದವರೂ ಅರ್ಥ ಹೇಳಬಲ್ಲರು. ಹಾಗಾಗಿ ಯಾರೂ ತಲೆ ತಗ್ಗಿಸಬೇಕಾಗಿರಲಿಲ್ಲ.

ಅರ್ಥ ಹೇಳುವುದರಲ್ಲಿ ಮಾಸ್ತಪ್ಪನನ್ನು ಮೀರಿಸುವವರಿರಲಿಲ್ಲ. ಹೆಬ್ಬೆಟ್ಟಿನ ರೈತನಾದ ಅವನು ಮೊದಲ ದಿನವೇ ತನ್ನ ಷರತ್ತನ್ನು ತಿಳಿಸಿದ್ದ. "ನೋಡ್ರಿ ಅಕ್ಕೋರೆ, ನಾಗಿಗೆ ಓದು ಹತ್ತಿದ್ರೆ ಶಾಲೆಗೆ ಇರ್ತಾಳೆ. ಇಲ್ದಿದ್ರೆ ಸೊರಬದಾಗೆ ನಮ್ಮ ತಂಗಿ ಲೋಕಮ್ಮನ ಮನೇಲಿ ಕೂಸು ಆಡಿಸ್ಕೊಂಡು ಇರ್ಲಿ. ಅವಳಿಗೆ ಮಾತು ಕೊಟ್ಟೀನಿ."

ಅವನ ಮಗಳು, ನಾಲ್ಕನೆಯ ತರಗತಿಯ ನಾಗಶ್ರೀ ಓದಿದಳು, ಅದೂ ನಿರರ್ಗಳವಾಗಿ.

"ಕೋಳಿ ಆನವಟ್ಟಿ ಸಂತೆಗೆ ಹೋಗಲು ಬಸ್ಸು ಹತ್ತಿತು. ಕಂಡಕ್ಟರು ಟಿಕೇಟು ಕೇಳಿದನು."

"ಅಂದ್ರೆ ಏನಪಾ ಅಂದ್ರೆ," ಮಾಸ್ತಪ್ಪ ಪುರಾಣಿಕರಂತೆ ಗಂಟಲು ಸರಿಮಾಡಿಕೊಂಡ, "ಆ ಮಾರಾಯ ಕೇಳಿದ್ದು ಟಿಕೇಟಲ್ಲ, ಮೊಟ್ಟೆ! ಚಿಲ್ಲರೆ ಇಲ್ಲ ಅಂತ ಇಡೀ ಕೋಳಿನೇ ಇಟ್ಕೊಂಡಾನು, ಹುಷಾರು!"

ಪಡಸಾಲೆ ನಗೆಯಲ್ಲಿ ಮುಳುಗಿತು. ಗಂಗಾಶ್ರೀ ಮಾತ್ರ ನಗಲಿಲ್ಲ. ಪುಸ್ತಕಗಳನ್ನು ಆರಿಸಿದವಳು ಅವಳೇ. ಆ ಪುಸ್ತಕದಲ್ಲಿ ಬಸ್ಸಿರಲಿಲ್ಲ. ಹುಡುಗಿ ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿದರೂ ಕಥೆ ಎಲ್ಲಿಯೂ ಕಡಿಯಲಿಲ್ಲ.

ಮರುದಿನ ಒಬ್ಬಳೇ ಸಿಕ್ಕಾಗ ನಾಗಶ್ರೀ ಒಪ್ಪಿಕೊಂಡಳು. "ಶಾಲೇಲಿ ಎಲ್ಲರೂ ಕೂಗ್ತಾರೆ, ನಾನೂ ಕೂಗ್ತೀನಿ. ಒಬ್ಬಳೇ ನೋಡಿದ್ರೆ ಅಕ್ಷರ ಎಲ್ಲಾ ಒಂದೇ ಥರ ಕಾಣ್ತಾವೆ. ಅಪ್ಪಗೆ ಹೇಳ್ಬೇಡ್ರೀ."

ಗಂಗಾಶ್ರೀ ಎರಡೂ ಬದಿಯನ್ನು ತೂಗಿ ನೋಡಿದಳು. ಹೇಳಿದರೆ ಹುಡುಗಿ ಸೊರಬಕ್ಕೆ ಹೋಗುತ್ತಾಳೆ. ಹೇಳದಿದ್ದರೆ, ತುಂಬಿದ ಸಭೆಯಲ್ಲಿ ತಂದೆ ಪ್ರತಿ ವಾರವೂ ಇಲ್ಲದ ವಾಕ್ಯಕ್ಕೆ ಅರ್ಥ ಹೇಳುತ್ತಾನೆ. ದೀಪಾವಳಿಯೊಳಗೆ ಕಲಿಸಿಬಿಡಬಹುದೆಂದು ಲೆಕ್ಕ ಹಾಕಿ ಅವಳು ಸುಮ್ಮನಾದಳು. ಶಾಲೆಗೆ ಮುಂಚೆ ಅಕ್ಷರಗಳನ್ನು ಆಕಾರಕ್ಕೆ ತಕ್ಕಂತೆ ಗುಂಪು ಮಾಡಿ ತಿದ್ದಿಸತೊಡಗಿದಳು. ಹುಡುಗಿ ಕಲಿಯುತ್ತಿದ್ದಳು, ಆದರೆ ನಿಧಾನವಾಗಿ.

ದೀಪಾವಳಿಗೆ ಮುಂಚೆಯೇ ಲೋಕಮ್ಮ ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಅಣ್ಣ ಅವಳನ್ನು ಹಿಗ್ಗಿನಿಂದ ಪಡಸಾಲೆಗೆ ಕರೆತಂದು ಮಗಳ ಹಿಂದೆಯೇ ಕೂರಿಸಿದ. ಅವಳು ಏಳನೆಯ ತರಗತಿಯವರೆಗೆ ಓದಿದವಳು. ನಾಗಶ್ರೀ ಎರಡು ವಾಕ್ಯ ಓದುವಷ್ಟರಲ್ಲಿ ಲೋಕಮ್ಮ ಪುಸ್ತಕದ ಮೇಲೆ ಬಾಗಿದಳು.

"ಏ ನಾಗಿ, ಇಲ್ಲೆಲ್ಲಿ ಐತೆ ಆನೆ? ಹಸು ಹುಲ್ಲು ತಿಂದಿತು ಅಂತ ಐತಲ್ಲೇ!"

ಯಾರೋ ಕಿಸಕ್ಕನೆ ನಕ್ಕರು. ಆಗಷ್ಟೇ ಆನೆಗೆ ಅರ್ಥ ಹೇಳಿ ಮುಗಿಸಿದ್ದ ಮಾಸ್ತಪ್ಪ ಮಗಳನ್ನು ನೋಡಲಿಲ್ಲ, ಗಂಗಾಶ್ರೀಯ ಕಡೆ ತಿರುಗಿದ.

"ನಿಮಗೆ ಗೊತ್ತಿತ್ತೇನ್ರೀ?"

"ಗೊತ್ತಿತ್ತು."

"ನಂಗೂ ಗೊತ್ತಿತ್ತು," ಎಂದಳು ಅವನ ಹೆಂಡತಿ ಹೂವಮ್ಮ ಮೆಲ್ಲಗೆ. "ಮನೇಲಿ ಗೊಬ್ಬರದ ಚೀಲ ನೋಡ್ಕೊಂಡೂ ದಿನಕ್ಕೊಂದು ಕಥೆ ಓದ್ತಾಳೆ. ನೀವು ಖುಷಿಯಾಗಿದ್ರಿ, ಹೆಂಗೆ ಹೇಳ್ಲಿ?"

"ಅಂದ್ರೆ ನಾನೊಬ್ನೇ ಕೋಡಂಗಿ," ಎಂದು ಮಾಸ್ತಪ್ಪ ಎದ್ದು ಹೋದ.

ಮರುದಿನ ಬೆಳಿಗ್ಗೆ, ಹುಡುಗಿಯನ್ನು ಸೊರಬಕ್ಕೆ ಕಳಿಸುತ್ತಿದ್ದಾರೆಂದು ತಿಳಿದು ಗಂಗಾಶ್ರೀ ಬಸ್ಸಿನ ನಿಲ್ದಾಣಕ್ಕೆ ಓಡಿದಾಗ ನಾಗಶ್ರೀ ಅತ್ತೆಯ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಅವಳ ಪಕ್ಕ ನಿಂತಿದ್ದಳು.

"ಸೊರಬದಲ್ಲೂ ಶಾಲೆ ಇದೆ ಲೋಕಮ್ಮ. ಇವಳು ಕಲಿಯುತ್ತಿದ್ದಾಳೆ, ನಿಲ್ಲಿಸಬೇಡಿ."

"ಕೂಸು ನಡೆಯೋ ಹಂಗಾಗ್ಲಿ, ಆಮೇಲೆ ನೋಡಾಣ ಬಿಡ್ರಿ," ಎಂದಳು ಲೋಕಮ್ಮ. ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಬಸ್ಸು ಬಂದಿತು.

ಮುಂದಿನ ಶುಕ್ರವಾರ ಮಾಸ್ತಪ್ಪ ಬರುವುದಿಲ್ಲವೆಂದು ಗಂಗಾಶ್ರೀ ನಿಶ್ಚಯಿಸಿಕೊಂಡಿದ್ದಳು. ಆದರೆ ಅವನು ಎಲ್ಲರಿಗಿಂತ ಮೊದಲೇ ಬಂದು, ಖಾಲಿ ಪಡಸಾಲೆಯಲ್ಲಿ ಟವೆಲ್ಲು ಹಾಸಿ ಕುಳಿತಿದ್ದ.

"ಆ ಕೋಳಿ ಪುಸ್ತಕದಾಗೆ ನಿಜವಾಗ್ಲೂ ಏನೈತೆ, ಓದ್ರಿ ಅಕ್ಕೋರೆ."

ಅವಳು ಓದಿದಳು. ಕೋಳಿ ಕಾಳು ತಿಂದಿತು. ಕೋಳಿ ನೀರು ಕುಡಿಯಿತು. ಕೋಳಿ ಗೂಡಿಗೆ ಹೋಯಿತು.

"ಅಷ್ಟೇನಾ?"

"ಅಷ್ಟೇ."

"ಇದಕ್ಕೇನು ಅರ್ಥ ಹೇಳ್ತೀರಿ, ಮಣ್ಣು?" ಅವನು ನಗಲು ನೋಡಿದ, ಆಗಲಿಲ್ಲ. "ಅವಳು ಹೇಳಿದ್ದೇ ಚಲೋ ಇತ್ತು."

"ಕರೆದುಕೊಂಡು ಬನ್ನಿ, ಮಾಸ್ತಪ್ಪ. ತಪ್ಪು ನನ್ನದು. ಇನ್ನು ಮುಂದೆ ನಿಮಗೆ ಹೇಳಿಯೇ ಕಲಿಸುತ್ತೇನೆ."

"ತಂಗಿ ಬಾಣಂತನದಾಗೆ ಸೊರಗ್ಯಾಳೆ. ಕೊಟ್ಟ ಮಾತು ವಾರಕ್ಕೇ ಹೆಂಗೆ ಕಿತ್ಕೊಳ್ಲಿ?" ಅವನು ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡು ಕೋಳಿಯ ಚಿತ್ರವಿದ್ದ ಹಾಳೆಯನ್ನು ಬೆರಳಿನಿಂದ ಸವರಿದ. "ಸೋಮವಾರ ಸೊರಬಕ್ಕೆ ಹೋಗ್ತೀನಿ. ಇದನ್ನ ಕೊಟ್ಟು ಬರ್ಲೇನ್ರೀ?"

"ಕೊಡಿ."

"ಕೊಟ್ರೆ ಓದ್ತಾಳೆ, ಹೆಂಗಾದ್ರೂ ಓದ್ತಾಳೆ." ಅವನು ಪುಸ್ತಕ ಮುಚ್ಚಿದ. "ಅಲ್ಲಿ ಅರ್ಥ ಹೇಳೋರು ಯಾರಿದಾರೆ?"

ಅಷ್ಟರಲ್ಲಿ ಮಕ್ಕಳು ಅವ್ವಂದಿರ ಸೆರಗು ಹಿಡಿದು ಮೆಟ್ಟಿಲು ಹತ್ತಿ ಬಂದರು. ಮೊದಲ ಮಗು ಓದಲು ಆರಂಭಿಸಿತು. ಮಾಸ್ತಪ್ಪ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಬೇರೆಯವರು ಹೇಳುವ ಅರ್ಥಗಳನ್ನು ಕೊನೆಯವರೆಗೂ ಕೇಳುತ್ತ ಕುಳಿತ.