ಬಾಟಲಿಯಲ್ಲಿದ್ದ ಉಸಿರು

ತಮ್ಮನ ಪಕ್ಕೆಗೆ ಕೊಳವೆ ಹಾಕಿ ಅಂದಿಗೆ ಮೂರನೇ ದಿನ. ಶ್ವಾಸಕೋಶದ ಸುತ್ತ ಕೀವು ತುಂಬಿತ್ತು. ಅದು ಕೊಳವೆಯಲ್ಲಿ ಇಳಿದು ಮಂಚದ ಕೆಳಗಿನ, ತುಸು ನೀರು ತುಂಬಿದ ಬಾಟಲಿಗೆ ಬೀಳಬೇಕು; ಕೊಳವೆಯ ತುದಿ ಆ ನೀರಲ್ಲಿ ಮುಳುಗಿತ್ತು. ಡಾಕ್ಟರು ಅಕ್ಕನಿಗೆ ಹೇಳಿದ್ದು ಎರಡೇ ಮಾತು: "ಬಾಟಲಿ ಎತ್ತಬೇಡಿ. ಅವರು ಉಸಿರಾಡಿದ ಹಾಗೆ ಕೊಳವೆಯ ನೀರು ಮೇಲೆ ಕೆಳಗೆ ಆಡ್ತಿರಬೇಕು, ಬೇರೆ ಏನು ಕಂಡ್ರೂ ತಕ್ಷಣ ಕರೀರಿ."

ಹೇಳಿದ ಮಾತು ಮೀರುವವಳಲ್ಲ ಅಕ್ಕ. ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು. ಸ್ಟೂಲಿನ ಮೇಲೆ ಕೂತು, ಸೂಜಿ ನೋಡುವಂತೆ ನೀರನ್ನೇ ನೋಡುತ್ತಿದ್ದಳು. ತಮ್ಮ ಗೋಡೆಗೆ ಬಣ್ಣ ಬಳಿಯುವವನು, ಮಹಾ ಬಾಯಿಬಡುಕ. ಮೊದಲ ದಿನ "ಪಕ್ಕೆ ತೂತು ಮಾಡಿದ್ದಾರೆ, ನೀನೇ ಒಂದು ತೇಪೆ ಹಾಕಕ್ಕಾ" ಎಂದು ಛೇಡಿಸಿದ್ದ. ಈಗ ಕಣ್ಣೇ ಬಿಡುತ್ತಿರಲಿಲ್ಲ.

ಅಂದು ಬೆಳಿಗ್ಗೆ ಅಕ್ಕನ ಪಾದ ತಾನಾಗಿ ನೀರಿನ ಲಯಕ್ಕೆ ನೆಲ ತಟ್ಟತೊಡಗಿತು. ಉದ್ದಕ್ಕೆ ಒಂದು ಎಳೆತ, ಮೂರೆಣಿಸುವಷ್ಟು ತಡೆ, ಆಮೇಲೆ ಎರಡು ಕಂತಿನಲ್ಲಿ ಇಳಿತ. ಪಾದ ನಿಂತಿತು. ಇದು ಅಮ್ಮನ ಉಸಿರು. ಮೂವತ್ತು ವರ್ಷ ಅಮ್ಮನ ಪಕ್ಕದಲ್ಲೇ ಮಲಗಿದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ತಮ್ಮನ ಎದೆ ನೋಡಿದಳು. ಅದು ಓಡಿ ಬಂದ ನಾಯಿಯ ಹಾಗೆ ತೇಕುತ್ತಿತ್ತು.

ಆಗಲೇ ಕೂಗಬೇಕಿತ್ತು, ಹೌದು. ಎಂಥ ಹೆಂಗಸಪ್ಪಾ ಇವಳು ಎಂದು ನೀವು ಅಂದುಕೊಂಡರೆ ನನ್ನ ತಕರಾರಿಲ್ಲ. ಆದರೆ ನಾಲ್ಕು ವರ್ಷ ಆ ಉಸಿರಿಲ್ಲದೆ ಹಾಸಿಗೆಯಲ್ಲಿ ಹೊರಳಾಡಿದವಳು ಅವಳು, ನಾವಲ್ಲ. ಇನ್ನೈದು ನಿಮಿಷ, ಅಷ್ಟೇ ಎಂದುಕೊಂಡಳು. ನರ್ಸ್ ಬಂದು ಒಂದು ನೋಟ ಹಾಯಿಸಿ, "ನೀರು ಆಡ್ತಿದೆ, ಒಳ್ಳೇದು" ಎಂದು ಬರೆದುಕೊಂಡು ಹೋದಳು. ಅಕ್ಕ ಸ್ಟೂಲನ್ನು ಬಾಟಲಿಯ ಹತ್ತಿರ ಎಳೆದುಕೊಂಡಳು.

ಐದು ನಿಮಿಷ ಎಂದದ್ದು ಮಧ್ಯಾಹ್ನವಾಯಿತು. ಬಾಟಲಿಯ ಕೀವು ನಿನ್ನೆಯ ಗೆರೆ ದಾಟಿರಲಿಲ್ಲ. ತಮ್ಮನ ಹಣೆ ಕಾದ ಹೆಂಚು, ತುಟಿ ನೀಲಿಗಟ್ಟುತ್ತಿತ್ತು. ಅವಳು ಬಾಗಿ ಬಾಟಲಿಗೆ ಮೆಲ್ಲಗೆ ಹೇಳಿದಳು: "ಅಮ್ಮಾ, ಇವನು ಹೋಗ್ಬಿಡ್ತಾನೆ. ನಾನು ಕರೀತೀನಿ."

ನೀರು ಮೇಲೇರಿ, ಈ ಸಲ ತುಂಬಾ ಹೊತ್ತು ತಡೆದು, ಇಳಿಯಿತು.

"ಸಿಸ್ಟರ್, ಇದು ಅವನ ಉಸಿರಲ್ಲ" ಎಂದು ಅಕ್ಕ ನರ್ಸನ್ನು ಕೂಗಿದಳು.

ನರ್ಸ್ ಗಡಿಯಾರ ನೋಡಿಕೊಂಡು ಎದೆಯ ಏರಿಳಿತ ಎಣಿಸಿದಳು: ನಿಮಿಷಕ್ಕೆ ಮೂವತ್ತೆಂಟು. ನೀರಿನದು ಎಣಿಸಿದಳು: ಎಂಟು. ಕೊಳವೆಯನ್ನು ಬೆರಳಲ್ಲಿ ಸವರುತ್ತಾ ಪಕ್ಕೆಯ ತನಕ ಹೋದಳು. ಎಲ್ಲೂ ಮಡಿಚಿಕೊಂಡಿರಲಿಲ್ಲ, ಬೇರೆ ಮಂಚಕ್ಕೂ ಹೋಗಿರಲಿಲ್ಲ. ಡಾಕ್ಟರನ್ನು ಕರೆಯಲು ಓಡಿದಳು.

ಡಾಕ್ಟರು ಓಡಿ ಬಂದು ಸ್ಕ್ಯಾನ್ ಮಾಡಿದರು. "ಕೊಳವೆ ಒಳಗಡೆ ಪೂರ್ತಿ ಕಟ್ಕೊಂಡಿದೆ. ನೀರು ಆಡೋಕೆ ಸಾಧ್ಯಾನೇ ಇಲ್ಲ" ಎಂದರು, ಆಡುತ್ತಿದ್ದ ನೀರನ್ನು ನೋಡದೆ. ಸಿರಿಂಜಿನಿಂದ ಕೊಳವೆಯೊಳಕ್ಕೆ ಸಲೈನ್ ಬಿಟ್ಟರು. ಎರಡನೇ ಸಲಕ್ಕೆ ಕೀವಿನ ಗಂಟು ಜಾರಿ, ಅದರ ಹಿಂದೆ ತಡೆದು ನಿಂತಿದ್ದ ಕೀವೆಲ್ಲ ಬಾಟಲಿಗೆ ಸುರಿಯಿತು. ನೀರು ತಮ್ಮನ ಎದೆಯ ಜೊತೆ ಬೇಗಬೇಗ ಏರಿಳಿಯತೊಡಗಿತು. ಅಮ್ಮನ ಲಯ ಹೋಯಿತು.

ಸಂಜೆಯ ಹೊತ್ತಿಗೆ ಅವನು ಕಣ್ಣು ಬಿಟ್ಟ. ಅಕ್ಕ ಅವನ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಯಾರಿಗಾಗಿ ಎಂದು ಕೇಳಿದ್ದರೆ ಹೇಳಲು ಅವಳಿಗೆ ಆಗುತ್ತಿರಲಿಲ್ಲ.

"ಅಮ್ಮ ಇಲ್ಲೇ ಇದ್ಲು ಕಣಕ್ಕಾ, ನನ್ನ ಬದಲು ಉಸಿರಾಡ್ತಾ" ಎಂದ ಅವನು. "ಬೆಳಗ್ಗೆಯಿಂದ ಒಂದೇ ಮಾತು. 'ನಿಮ್ಮಕ್ಕ ನೋಡ್ತಾನೇ ಕೂತಿದ್ದಾಳೆ, ಯಾಕೋ ಯಾರನ್ನೂ ಕರೀತಿಲ್ಲ? ನನಗಿನ್ನು ಆಗಲ್ಲಪ್ಪಾ' ಅಂತ."