ಪಂಪ್ ಎಂದು ಬರೆದ ಗೆರೆ

ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ಮುಳ್ಳಿನ ಸದ್ದು ಕೇಳಿಸಿತು. ಭೂಕಂಪಮಾಪಕದ ಉರುಳೆಯ ಮೇಲೆ ಅದುವರೆಗೆ ಸದ್ದಿಲ್ಲದೆ ಸರಿಯುತ್ತಿದ್ದುದು ಈಗ ಕಾಗದವನ್ನು ಸಣ್ಣಗೆ ಕೆರೆಯತೊಡಗಿತ್ತು. ಎದ್ದು ನೋಡಿದೆ. ಗೆರೆ ಒಂದೇ ಸಮನೆ ನಡುಗುತ್ತಿತ್ತು.

ಜ್ವಾಲಾಮುಖಿಯ ಕಾವಲು ಕೇಂದ್ರದಲ್ಲಿ ರಾತ್ರಿ ಪಾಳಿಯವಳು ಇಂಥ ಹೊತ್ತಿನಲ್ಲಿ ಮುಖ್ಯಸ್ಥರನ್ನು ಎಬ್ಬಿಸಬೇಕು. ನಡುಕ ಬೆಟ್ಟದ್ದಲ್ಲದೆ ಮನುಷ್ಯರ ಯಂತ್ರದ್ದಾದರೆ ಗೆರೆಯ ಪಕ್ಕ ಪೆನ್ಸಿಲಿನಲ್ಲಿ ಕಾರಣ ಬರೆದರೆ ಸಾಕು: ಲಾರಿ, ಅಥವಾ ಪಂಪ್. ನೀರಿನ ಪಂಪ್ ಇಳಿಜಾರಿನ ಕೆಳಗಿದೆ. ಟ್ಯಾಂಕ್ ಖಾಲಿಯಾದಾಗ ತಾನಾಗಿಯೇ ಶುರುವಾಗುತ್ತದೆ. ನಮ್ಮ ಕೋಣೆಗೆ ಕೇಳಿಸುವುದಿಲ್ಲ, ಮುಳ್ಳಿಗೆ ಮಾತ್ರ ಗೊತ್ತಾಗುತ್ತದೆ.

ಹೋದ ತಿಂಗಳು ಇಂಥದೇ ನಡುಕ ಕಂಡು ಎಲ್ಲರನ್ನೂ ಎಬ್ಬಿಸಿದ್ದೆ. ಅದು ಪಂಪ್ ಆಗಿತ್ತು. ಇಲ್ಲೇ ಉಪಕರಣಗಳ ರಿಪೇರಿ ನೋಡಿಕೊಳ್ಳುತ್ತಿದ್ದ ಭಾವ, ನನ್ನ ಅಕ್ಕನ ಗಂಡ, ವಾರವಿಡೀ ಬಿಡಲಿಲ್ಲ. "ಏನಮ್ಮ ಪುಕ್ಕಲಿ, ನಲ್ಲೀಲಿ ಲಾವಾ ಬಂತಾ? ಬಕೆಟ್ ಹಿಡೀಲಾ?"

'ಪಂಪ್' ಎಂದು ಬರೆದು ಕುಳಿತೆ.

ಬೆಳಗಿನ ಜಾವ ಭಾವ ಕಿಟಕಿಯಲ್ಲಿ ತಲೆ ಹಾಕಿದರು. ಬೆಟ್ಟದ ಬಾಯಿಯ ಅಂಚಿನಲ್ಲಿರುವ ಉಪಕರಣಕ್ಕೆ ಬ್ಯಾಟರಿ ಬದಲಿಸಲು ಹೊರಟಿದ್ದರು.

"ಏನಾದ್ರೂ ಇತ್ತೇನಮ್ಮ ರಾತ್ರಿ?"

ಪಂಪ್ ಎಂದರೆ ಮತ್ತೆ ಆಡಿಕೊಳ್ಳುತ್ತಾರೆ. "ಏನಿಲ್ಲ ಭಾವ, ಹೋಗ್ಬನ್ನಿ" ಎಂದೆ.

ಒಂಬತ್ತೂ ಮುಕ್ಕಾಲಿಗೆ ಬೆಟ್ಟ ಆವಿಯನ್ನೂ ಕಲ್ಲನ್ನೂ ಉಗುಳಿತು. ಭಾವನನ್ನು ಕೆಳಗಿಳಿಸುವಷ್ಟರಲ್ಲಿ ಸಂಜೆಯಾಗಿತ್ತು. ಅವರ ಉಸಿರು ನಿಂತು ಎಷ್ಟೋ ಹೊತ್ತಾಗಿತ್ತು.

ಹನ್ನೆರಡು ದಿನಗಳ ಮೇಲೆ ಅಕ್ಕ ಅವರ ಸಾಮಾನು ಒಯ್ಯಲು ಬಂದಳು. ಕೆಲಸದ ಮೇಜಿನ ಮೇಲೆ ಕನ್ನಡಕ, ಹಿಡಿ ಮುರಿದ ಚಹಾ ಲೋಟ, ಹೊಟ್ಟೆ ಬಿಚ್ಚಿದ ಒಂದು ಮೋಟಾರು. ಏನು ಬಿಚ್ಚಿದರೂ ಅದಕ್ಕೊಂದು ಚೀಟಿ ಕಟ್ಟುವುದು ಭಾವನ ಅಭ್ಯಾಸ. ಮೋಟಾರಿನ ಚೀಟಿ ಓದಿದೆ: 'ನೀರಿನ ಪಂಪ್. ಸುಟ್ಟಿದೆ. ಬಿಚ್ಚಿದ್ದು ಸಂಜೆ ಐದಕ್ಕೆ.' ಕೆಳಗೆ ತಾರೀಖು, ಆ ರಾತ್ರಿಯ ಹಿಂದಿನ ಸಂಜೆಯದು.

ಚೀಟಿ ನನ್ನ ಮುಷ್ಟಿಯೊಳಗೆ ಹೋಯಿತು. ಪಂಪ್ ಎಂದು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬಿಚ್ಚಿಟ್ಟ ಪಂಪ್ ನಡುಗಿಸುವುದು ಹೇಗೆ ಎಂದು ಅವರು ಅಲ್ಲೇ ನಿಲ್ಲುತ್ತಿದ್ದರು.

ಅಕ್ಕ ಗೋಡೆಯ ಭೂಪಟ ನೋಡುತ್ತಿದ್ದಳು. ಜ್ವಾಲಾಮುಖಿಗಳ ಕೆಂಪು ಚುಕ್ಕೆಗಳು ಮಹಾಸಾಗರದ ಅಂಚಿಗೇ ಸಾಲುಗಟ್ಟಿದ್ದವು.

"ಇಷ್ಟೊಂದು ಇದಾವೇನೇ? ಎಲ್ಲಾ ಅಂಚಲ್ಲೇ ಯಾಕೆ?"

"ಭೂಮಿ ಮೇಲ್ಪದರ ಒಂದೇ ತುಂಡಲ್ಲ ಅಕ್ಕ. ದೊಡ್ಡ ದೊಡ್ಡ ಫಲಕಗಳು, ಸರೀತಾ ಇರ್ತವೆ. ಕೆಲವು ಕಡೆ ದೂರ ಹೋಗ್ತವೆ, ಆ ಬಿರುಕಲ್ಲಿ ಕರಗಿದ ಕಲ್ಲು ಮೇಲೆ ಬರುತ್ತೆ. ನಮ್ ಕಡೆ ಸಮುದ್ರದ ಫಲಕ ನೆಲದ ಅಡಿಗೆ ಇಳಿಯುತ್ತೆ, ನೀರನ್ನೂ ಒಯ್ಯುತ್ತೆ. ಆ ನೀರು ಸೇರಿದ್ರೆ ಆಳದಲ್ಲಿರೋ ಬಿಸಿ ಕಲ್ಲು ಬೇಗ ಕರಗುತ್ತೆ." ನನ್ನ ದನಿ ಪಾಠ ಒಪ್ಪಿಸುವವಳಂತೆ ಓಡುತ್ತಿತ್ತು. "ಕೋಟ್ಯಂತರ ವರ್ಷದಿಂದ ನಡೀತಾ ಇದೆ."

"ಅವತ್ತು ಇನ್ನೊಂದರ್ಧ ಗಂಟೆ ಮಲಗ್ತೀನಿ ಅಂದ್ರು. ನಾನೇ ಹೊದಿಕೆ ಎಳೆದು ಎಬ್ಬಿಸಿ ಕಳಿಸ್ದೆ." ಅಕ್ಕ ಲೋಟವನ್ನು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. "ನೀನಿದ್ಯಲ್ಲ ಆ ರಾತ್ರಿ. ಚೂರಾದ್ರೂ ಸೂಚನೆ ಕೊಡ್ಲಿಲ್ವೇನೇ ಆ ಬೆಟ್ಟ?"

ನಾನು ಬಾಯಿ ತೆರೆದೆ. ಮುಷ್ಟಿಯ ಬೆವರಿಗೆ ಚೀಟಿ ಮೆತ್ತಗಾಗಿತ್ತು.

"ಇಲ್ಲ ಅಕ್ಕ."

ಅವಳು ಲೋಟವನ್ನು ಚೀಲಕ್ಕೆ ಹಾಕಿಕೊಂಡಳು. ಚೀಟಿಯನ್ನು ನಾನು ಕೋಟಿನ ಒಳಜೇಬಿಗೆ ತುರುಕಿದೆ. ಅಕ್ಕನಿಗಾಗಲಿ, ಮುಖ್ಯಸ್ಥರಿಗಾಗಲಿ, ಇನ್ನು ಯಾರಿಗೂ ಹೇಳುವುದಿಲ್ಲ.